ಪದಚರ್ಚೆ: ‘ಬಾಡಿ ಸ್ಕ್ಯಾನ್’ ಎಂಬುದಕ್ಕೆ ನಾಳೆಯೊಳಗೆ ಪದ ಬೇಕಾಗಿದೆ

(ಚಿಂತಾಮಣಿಯಿಂದ)

ಮಾನ್ಯರೇ, ಕಾರಣವಿಲ್ಲದ ದಿಗಿಲಿನಿಂದ ಬಳಲುವವರಿಗಾಗಿ ಇಲ್ಲಿ ವಾರಕ್ಕೊಂದು ತರಗತಿ ನಡೆಸುತ್ತಿದ್ದೇವೆ. ಬಾಗಿಲಿನ ಫಲಕ ಬರೆಯುವವರು ನಾಳೆ ಬೆಳಿಗ್ಗೆ ಬರುತ್ತಾರೆ. ಕಲಿಸುವುದು ‘ಬಾಡಿ ಸ್ಕ್ಯಾನ್’, ಅಂದರೆ ಕಾಲ್ಬೆರಳಿನಿಂದ ನೆತ್ತಿಯವರೆಗೆ ಒಂದೊಂದೇ ಅಂಗದ ಮೇಲೆ ಗಮನವಿಟ್ಟು, ಅಲ್ಲಿರುವ ಬಿಗಿತವನ್ನೋ ಜೋಮನ್ನೋ ಸರಿಪಡಿಸಹೋಗದೆ ಸುಮ್ಮನೆ ನೋಡುವುದು. 1979ರಲ್ಲಿ ಜಾನ್ ಕಬಾಟ್-ಜಿನ್ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ, ಧ್ಯಾನದಿಂದ ಒತ್ತಡ ತಗ್ಗಿಸುವ ಎಂಟು ವಾರಗಳ ಕ್ರಮದಲ್ಲಿ ಇದನ್ನು ಮೊದಲ ವಾರದಿಂದಲೇ ಮಾಡಿಸುತ್ತಾರೆ. ನಾವು ‘ದೇಹಪ್ರಜ್ಞೆ’ ಎಂದು ಬರೆದಿದ್ದೆವು. ಅದನ್ನು ಓದಿದ ಹೆಂಗಸೊಬ್ಬರು, ‘ಪ್ರಜ್ಞೆ ತಪ್ಪಿದವರನ್ನು ಇಲ್ಲಿಗೇ ಕರೆತರಬೇಕೇ?’ ಎಂದು ಕೇಳಿದರು.

(ತುಮಕೂರಿನಿಂದ)

ಆ ಹೆಂಗಸು ಕೇಳಿದ್ದೇ ಸರಿ. ಜನರ ಬಾಯಲ್ಲಿ ಪ್ರಜ್ಞೆ ಇರುವುದು ತಪ್ಪುವುದಕ್ಕೆ, ಇಲ್ಲವೇ ಮರಳಿ ಬರುವುದಕ್ಕೆ. ದೇಹದ ಮೇಲೆ ಗಮನವಿಡುವ ಬೌದ್ಧರ ಧ್ಯಾನ ‘ಕಾಯಗತಾಸತಿ’ಯನ್ನು ಯಾರಾದರೂ ಎಳೆದು ತರುವ ಮೊದಲೇ ಹೇಳಿಬಿಡುತ್ತೇನೆ: ಪಾಲಿಯ ‘ಸತಿ’ ಸಂಸ್ಕೃತದ ‘ಸ್ಮೃತಿ’ಯೇ ಹೌದು, ಆದರೆ ಕನ್ನಡದಲ್ಲಿ ಸತಿ ಎಂದರೆ ಹೆಂಡತಿ. ಕೈಬಿಡಿ.

ನಮ್ಮ ಪದ ‘ಮೈ’. ಹಳಗನ್ನಡದ ಮೆಯ್, ತಮಿಳಿನ ಮೆಯ್ ಒಂದೇ ಬೇರಿನವು, ತಮಿಳಿನಲ್ಲಂತೂ ಅದಕ್ಕೆ ನಿಜ ಎಂಬ ಅರ್ಥವೂ ಉಂಟು. ‘ಮೈಮರೆವು’ ಇರುವಾಗ ಅದರ ಎದುರಿಗೆ ‘ಮೈಯರಿವು’ ತಾನಾಗಿಯೇ ನಿಲ್ಲುತ್ತದೆ. ಕನ್ನಡವು ಹೆದರಿಕೆಯನ್ನು ಹೇಳಿಕೊಂಡು ಬಂದಿರುವುದೇ ಮೈಯ ಮೂಲಕ: ಎದೆ ಝಲ್ಲೆನ್ನುತ್ತದೆ, ಕೈಕಾಲು ತಣ್ಣಗಾಗುತ್ತದೆ, ನಾಲಿಗೆಯ ಪಸೆ ಆರುತ್ತದೆ. ನಿಮ್ಮ ಅಭ್ಯಾಸ ಕೇಳುವುದೂ ಅದನ್ನೇ ಅಲ್ಲವೇ? ‘ನನಗೇನೋ ಆಗಿಬಿಡುತ್ತದೆ’ ಎಂಬ ಕಥೆಯನ್ನು ಬದಿಗಿಟ್ಟು, ಝಲ್ಲೆಂದದ್ದು ಎಲ್ಲಿ, ತಣ್ಣಗಾದದ್ದು ಮಣಿಕಟ್ಟಿನವರೆಗೋ ಮೊಣಕೈವರೆಗೋ ಎಂದು ನೋಡುವುದು. ಇದಕ್ಕೆ ಸಂಸ್ಕೃತದ ಸಾಲ ಅನಗತ್ಯ.

(ಕೋಲಾರದಿಂದ)

ಸಾಲದ ಲೆಕ್ಕ ಆಮೇಲೆ ನೋಡೋಣ. ‘ಕಾನೂನು ಅರಿವು’ ಕಾರ್ಯಕ್ರಮಗಳ ಬ್ಯಾನರುಗಳನ್ನು ಓದಿ ಪಳಗಿದ ಕಣ್ಣಿಗೆ ‘ಮೈಯರಿವು’ ಎಂಬುದು ಚರ್ಮರೋಗದ ತಿಳಿವಳಿಕೆ ಶಿಬಿರದಂತೆ ಕಾಣುತ್ತದೆ. ‘ಮೈಯೆಚ್ಚರ’ ಇನ್ನೂ ಕೆಟ್ಟದ್ದು. ಹೆದರಿದವರಲ್ಲಿ ಎಚ್ಚರ ಈಗಾಗಲೇ ಬೇಕಾದ್ದಕ್ಕಿಂತ ಹೆಚ್ಚಿರುತ್ತದೆ, ಬಾಗಿಲಲ್ಲೇ ಅದನ್ನು ಇನ್ನಷ್ಟು ಕೊಡಬೇಡಿ.

ನನ್ನ ಆಯ್ಕೆ ‘ಗಮನ’. ಸಂಸ್ಕೃತದಲ್ಲಿ ಅದರ ಅರ್ಥ ಹೋಗುವುದು; ಒಂದೆಡೆ ಮನಸ್ಸಿಡುವುದು ಎಂಬ ಅರ್ಥದಲ್ಲಿ ಅದನ್ನು ದಿನವೂ ಬಳಸುತ್ತಿರುವವರು ನಾವು ಮತ್ತು ತೆಲುಗರು. ಸಾಲ ತಂದ ಹಸು ನಮ್ಮ ಕೊಟ್ಟಿಗೆಯಲ್ಲಿ ಕರು ಹಾಕಿದ ಮೇಲೂ ಅದು ಯಾರದೆಂದು ಜಗಳವೇಕೆ? ಚಿಂತಾಮಣಿಯ ಎಷ್ಟೋ ಮನೆಗಳ ಮಾತು ತೆಲುಗು, ಅವರಿಗೂ ‘ಗಮನಿಂಚು’ ಗೊತ್ತು.

(ತುಮಕೂರಿನಿಂದ)

‘ಮೈಗಮನ’ ಎಂದರೆ ಕನ್ನಡಕ್ಕೆ ಸಂಸ್ಕೃತವನ್ನು ಬೆಸೆದ ಅರಿಸಮಾಸ. ಇನ್ನು ಹೇಳುವುದಿಲ್ಲ.

(ಕೋಲಾರದಿಂದ)

ಸಮಾಸವನ್ನೇ ಮಾಡಬೇಡಿ. ‘ಮೈಯನ್ನು ಗಮನಿಸುವ ಅಭ್ಯಾಸ’ ಎಂದು ಬಿಡಿಸಿ ಬರೆಯಿರಿ, ಯಾವ ವ್ಯಾಕರಣವೂ ಅಡ್ಡ ಬರುವುದಿಲ್ಲ.

(ಚಿಂತಾಮಣಿಯಿಂದ)

ಇಬ್ಬರಿಗೂ ವಂದನೆಗಳು. ಬಿಡಿಸಿದ ರೂಪವನ್ನೇ ಬರೆಸುತ್ತಿದ್ದೇವೆ. ಹಲಗೆ ಎರಡೂವರೆ ಅಡಿಯದ್ದಾದ್ದರಿಂದ ‘ಅಭ್ಯಾಸ’ ಎರಡನೆಯ ಸಾಲಿಗೆ ಹೋಗುತ್ತದೆ. ತರಗತಿಯ ಒಳಗೆ ಮಾತ್ರ ‘ಮೈಯರಿವು’ ಎಂಬುದನ್ನು ಒಂದು ತಿಂಗಳು ಬಳಸಿ ನೋಡುತ್ತೇವೆ.