ಮಗುವಿನ ಮೂಗಿನ ಮೇಲೆ ಗಂಟು, ಅದರಲ್ಲೊಂದು ಕೂದಲು

ಪ್ರಶ್ನೆ (ತಾಯಿ, ತೀರ್ಥಹಳ್ಳಿ ಕಡೆ): ಡಾಕ್ಟ್ರೇ, ಮಗಳಿಗೆ ಒಂದೂವರೆ ವರ್ಷ. ಹುಟ್ಟಿದಾಗಿನಿಂದ ಮೂಗಿನ ನಡುವೆ ಸೂಜಿ ಚುಚ್ಚಿದ ಹಾಗೆ ತೂತು, ಅದರಲ್ಲಿ ಒಂದು ಕೂದಲು. ಈ ಮಳೆಗಾಲದಲ್ಲಿ ಅಲ್ಲಿ ಕಡಲೆಕಾಳಿನಷ್ಟು ಊದಿ ಕೀವಾಯಿತು. ಕುರ ಅಂತ ಅತ್ತೆ ಸುಣ್ಣ ಬೆಲ್ಲ ಹಚ್ಚಿದರು, ಆಮೇಲೆ ಒಂದು ಕ್ಲಿನಿಕ್ಕಿನಲ್ಲಿ ಕೊಯ್ದು ಕೀವು ತೆಗೆದರು. ಎರಡೇ ತಿಂಗಳಿಗೆ ಮತ್ತೆ ಬಂದಿದೆ. ಇನ್ನೊಮ್ಮೆ ಕೊಯ್ಸಬಹುದಾ?

ಉತ್ತರ (ಕಿವಿ ಮೂಗು ಗಂಟಲು ವೈದ್ಯ, ಶಿವಮೊಗ್ಗ): ಬೇಡಮ್ಮ. ಸ್ಕ್ಯಾನ್ ಆಗುವ ತನಕ ಕೊಯ್ಯುವುದೂ ಬೇಡ, ಹಿಂಡುವುದೂ ಬೇಡ, ಸೂಜಿ ಹಾಕಿ ನೋಡುವುದೂ ಬೇಡ. ಮೂಗಿನ ನಡುಗೆರೆಯ ತೂತಿನಿಂದ ಕೂದಲು ಬಂದಿದೆ ಅಂದರೆ ಅದು ಬಹುತೇಕ ಡರ್ಮಾಯ್ಡ್ ಸಿಸ್ಟ್, ಅಂದರೆ ಹುಟ್ಟಿನಿಂದಲೇ ಒಳಗೆ ಸಿಕ್ಕಿಕೊಂಡ ಚರ್ಮದ ಚೀಲ. ಹೊಟ್ಟೆಯಲ್ಲಿ ಮಗುವಿನ ಮುಖ ಕೂಡುವಾಗ ಮೆದುಳಿನ ಹೊದಿಕೆಯ ಒಂದು ಎಳೆ ತಲೆಬುರುಡೆಯ ತಳದ ಕಿಂಡಿಯಿಂದ ಇಳಿದು ಮೂಗಿನ ಚರ್ಮ ಮುಟ್ಟಿರುತ್ತದೆ, ಆಮೇಲೆ ಬಿಟ್ಟುಕೊಂಡು ಮೇಲೆ ಹೋಗಬೇಕು. ಬಿಡದಿದ್ದರೆ ಚರ್ಮವನ್ನೂ ಒಳಗೆ ಎಳೆದುಕೊಳ್ಳುತ್ತದೆ. ಕೂದಲು ಬೆಳೆಯುವುದು ಅದಕ್ಕೇ. ಕೀವು ತೆಗೆದರೂ ಚೀಲ ಅಲ್ಲೇ ಉಳಿಯುತ್ತದಲ್ವಾ, ಮತ್ತೆ ತುಂಬುತ್ತದೆ. 20,000ದಿಂದ 40,000 ಮಕ್ಕಳಲ್ಲಿ ಒಬ್ಬರಿಗೆ ಕಾಣುವಂಥದ್ದು, ಕುರ ಅಂದುಕೊಂಡಿದ್ದಕ್ಕೆ ನಿಮ್ಮ ಅತ್ತೆಯನ್ನು ದೂರಬೇಡಿ.

ನನ್ನ ಚಿಂತೆ ಆ ಎಳೆ ಇಳಿದು ಬಂದ ದಾರಿಯದು. ಕೆಲವು ಮಕ್ಕಳಲ್ಲಿ ಅದು ಬುರುಡೆಯ ಒಳಗಿನ ತನಕ ಹೋಗಿರುತ್ತದೆ, ಕೀವು ಮೇಲೇರಿದರೆ ಮೆದುಳು ಜ್ವರ ಬರಬಹುದು. ಅದಕ್ಕೇ ಎಂಆರ್‌ಐ ಮೊದಲು. ಮೂಳೆ ನೋಡಲು ಸಿಟಿ ಸ್ಕ್ಯಾನ್ ಕೂಡ ಬೇಕಾಗಬಹುದು. ಮಗು ಅತ್ತಾಗ ಗಂಟು ಉಬ್ಬುತ್ತದಾ? ಉಬ್ಬಿದರೆ ಮೆದುಳಿನ ಭಾಗವೇ ಇಳಿದಿರಬಹುದು, ಅದು ಬೇರೆ ಕಾಯಿಲೆ.

ಪ್ರಶ್ನೆ: ಅತ್ತರೂ ಅಷ್ಟೇ ಇರುತ್ತದೆ. ತಲೆ ತೆರೆಯಬೇಕಾಗುತ್ತದಾ? ಮನೆಯವರು ಅಡಿಕೆ ಕೊಯ್ಲು ಮುಗಿಯಲಿ ಅಂತಾರೆ.

ಉತ್ತರ: ಮೊದಲು ಔಷಧಿ ಕೊಟ್ಟು ಕೀವು ಇಳಿಸಬೇಕು, ಆಪರೇಷನ್ ಆಮೇಲೇ. ಅದಕ್ಕೆ ಸ್ವಲ್ಪ ಸಮಯ ಹಿಡಿಯುತ್ತದೆ. ಆದರೆ ತೋರಿಸುವುದನ್ನು ಮುಂದೂಡಬೇಡಿ, ಇದೇ ವಾರ ಬನ್ನಿ. ಜ್ವರ, ವಾಂತಿ, ಮಂಪರು, ಕುತ್ತಿಗೆ ಬಿಗಿತ ಕಂಡರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.

ದಾರಿ ಮೂಗಿನಲ್ಲೇ ಮುಗಿದಿದ್ದರೆ ತಲೆ ತೆರೆಯುವುದಿಲ್ಲ. ತೂತಿನ ಸುತ್ತ ಕೊಯ್ದು, ಚೀಲದ ಜಾಡು ಹಿಡಿದು ಕೊನೆಯ ತನಕ ಹೋಗಿ ಪೂರ್ತಿ ತೆಗೆಯುತ್ತೇವೆ. ಚೂರು ಉಳಿದರೂ ಮತ್ತೆ ಬೆಳೆಯಬಹುದು. ಗೆರೆಯಷ್ಟು ಕಲೆ ಉಳಿಯುತ್ತದೆ. ಬುರುಡೆಯೊಳಗೆ ಹೋಗಿದ್ದರೆ ಮಾತ್ರ ನರಶಸ್ತ್ರವೈದ್ಯರೂ ಜೊತೆಗಿರಬೇಕು, ಆಗ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ ಇಲ್ಲ ಬೆಂಗಳೂರಿಗೋ ಬರೆದುಕೊಡುತ್ತೇನೆ. ಬರುವಾಗ ಆ ಕ್ಲಿನಿಕ್ಕಿನ ಚೀಟಿ, ಮಗು ಹುಟ್ಟಿದಾಗಿನ ಫೋಟೋ ಇದ್ದರೆ ಅದನ್ನೂ ತನ್ನಿ.