ಪಕ್ಷೇತರನಾಗಿ ವಿಧಾನಸಭೆಗೆ ನಿಲ್ಲೋ ಆಸೆ, ಕರಪತ್ರದಲ್ಲಿ ಏನು ಬರೆಯಲಿ?

ಹಳ್ಳಿ ಮೇಷ್ಟ್ರು: ನಿವೃತ್ತಿಯಾಗಿ ಎರಡು ವರ್ಷ ಆಯಿತು. ಊರ ಕೆರೆ ಒತ್ತುವರಿ ಬಿಡಿಸಲು ಓಡಾಡಿದವನು. ಮುಂದಿನ ಸಲ ನಿಲ್ಲಬೇಕು ಅಂತಿದ್ದೇನೆ. ನನ್ನ ಹಿನ್ನೆಲೆ, ನಿಲುವು ಎರಡೂ ಒಂದೇ ಪುಟದಲ್ಲಿ ಬರಬೇಕು. ನಿಂತ ಅನುಭವ ಇರುವವರು ಹೇಳಿ.

ಠೇವಣಿ ಹೋದವನು: 2023ರಲ್ಲಿ ನಿಂತಿದ್ದೆ. ಏಪ್ರಿಲ್ 24ಕ್ಕೆ ನಾಮಪತ್ರ ವಾಪಸಾತಿ ಮುಗಿದ ಮೇಲೆ ಚಿಹ್ನೆ ಸಿಕ್ಕಿತು. ಕೇಳಿದ ಮೂರರಲ್ಲಿ ಕೊನೆಯದು, ಹೊಲಿಗೆ ಯಂತ್ರ. ಮೇ 8ರ ಸಂಜೆಗೆ ಪ್ರಚಾರ ಬಂದ್. ಒಂದೂರಲ್ಲಿ ಹೆಂಗಸರು ‘ಮಷೀನು ಯಾವತ್ತು ಕೊಡ್ತೀರಿ’ ಅಂತ ಸಾಲಾಗಿ ನಿಂತರು! ಠೇವಣಿ 10,000. ಕರಪತ್ರ 17,400. ಅದರಲ್ಲಿ ಮುದ್ರಕರ ಹೆಸರು, ಪ್ರತಿಗಳ ಸಂಖ್ಯೆ ಇಲ್ಲ ಅಂತ ಹಂಚಲು ಬಿಡಲಿಲ್ಲ. ಮತ್ತೆ ಅಚ್ಚು, ಮತ್ತೆ 15,000. ಪ್ರೆಸ್ಸಿನವನು ಒಂದು ರೂಪಾಯಿ ಬಿಡಲಿಲ್ಲ, ತಪ್ಪು ಅವನದೇ. ಆಟೋ ಮೈಕು ದಿನಕ್ಕೆ 2,200ರಂತೆ 11 ದಿನ. ಹುಡುಗರ ಊಟ, ಪೆಟ್ರೋಲು 31,000. ಒಟ್ಟು 97,600. ಬಂದ ಓಟು 812. ಅಂದರೆ ಓಟಿಗೆ 120 ರೂಪಾಯಿ. ನೋಟಾಗೆ ನನಗಿಂತ ಜಾಸ್ತಿ. ನಿಲುವು ಯಾರು ಕೇಳುತ್ತಾರೆ? ಊರೆಲ್ಲ ತಿಂಗಳಿಗೆ 2,000, ಕರೆಂಟು 200 ಯೂನಿಟ್ ಅಂತ ಮಾತಾಡುತ್ತಿದ್ದಾಗ ನಾನು ಹನಿ ನೀರಾವರಿ ಬಗ್ಗೆ ಅರ್ಧ ಗಂಟೆ ಕೊರೆದೆ. ಒಬ್ಬ ಅಜ್ಜ ಪೂರ್ತಿ ಕೇಳಿ ‘ಅದಿರಲಿ, ನಿಂದೆಷ್ಟು?’ ಅಂದ.

ಅಫಿಡವಿಟ್ ಅಕ್ಕ: ಹಿನ್ನೆಲೆ ಅಂದರೆ ನನ್ನದು ಮಾತ್ರ ಅಂದುಕೊಂಡು 2018ರಲ್ಲಿ ಫಾರಂ 26, ಅಂದರೆ ನಾಮಪತ್ರದ ಜೊತೆ ಕೊಡುವ ಅಫಿಡವಿಟ್, ತುಂಬಲು ಕೂತೆ. ಗಂಡನ ಸಾಲ, ನನ್ನ ಒಡವೆ, ಅವಲಂಬಿತರ ಪಾಸ್‌ಬುಕ್ಕು, ಎಲ್ಲ ಬೇಕು. ನಮ್ಮವರು ಬ್ಯಾಂಕಲ್ಲಿ ಚಿನ್ನ ಅಡ ಇಟ್ಟಿದ್ದು ಅತ್ತೆಗೆ ಗೊತ್ತಾಗಿದ್ದು ಹಾಗೆ, ಊರಿನ ಜೊತೆಗೇ. ಆರು ತಿಂಗಳು ಮಾತು ಬಿಟ್ಟಿದ್ದರು. ಎರಡು ಕಾಲಂ ಖಾಲಿ ಬಿಟ್ಟಿದ್ದೆ, ನೋಟಿಸ್ ಬಂತು. ‘ಇಲ್ಲ’ ಅಂತಾದರೂ ಬರೆಯಬೇಕಂತೆ. ಮತ್ತೆ ಸ್ಟಾಂಪು, ಮತ್ತೆ ನೋಟರಿ, ಸೂಚಕರಾಗಿ ಬಂದ 10 ಜನ ಹೊರಗೆ ಬಿಸಿಲಲ್ಲಿ. ಆದರೂ 1,900 ಓಟು ತಗೊಂಡೆ. ಯಾರಿಗೂ ಒಂದು ಕಾಫಿ ಕುಡಿಸಿಲ್ಲ.

ಠೇವಣಿ ಹೋದವನು: ಕಾಫಿ ಮಾತು ನನಗಾ? ಊಟದ ಖರ್ಚು ಲೆಕ್ಕದ ಪುಸ್ತಕದಲ್ಲಿದೆ ಮೇಡಂ. ಮಿತಿ 40 ಲಕ್ಷ, ನಾನು ಒಂದು ಲಕ್ಷವೂ ಮುಟ್ಟಲಿಲ್ಲ. ನೋಟಾ ಓಟು ಲೆಕ್ಕಕ್ಕೆ ಸೇರಿಸಿ ನನ್ನ ಠೇವಣಿ ನುಂಗಿದರು, ಅದು ಹೇಳಿ.

ಅಫಿಡವಿಟ್ ಅಕ್ಕ: ನೋಟಾ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಸಿಂಧು ಮತದ ಆರನೇ ಒಂದು ಪಾಲಿಗಿಂತ ಜಾಸ್ತಿ ಬೇಕು. 812 ಎಲ್ಲಿ, ಇಪ್ಪತ್ತು ಸಾವಿರದ ಮೇಲೆ ಎಲ್ಲಿ!

ಠೇವಣಿ ಹೋದವನು: ನಿಮ್ಮದು ಉಳಿಯಿತಾ?

ಅಫಿಡವಿಟ್ ಅಕ್ಕ: ಹೋಯಿತು. ನಾನು ಅಳುತ್ತಾ ಕೂತಿಲ್ಲ.

ಹಳೇ ಮೆಂಬರ್: ಮೇಷ್ಟ್ರೇ, ಇವರನ್ನು ಬಿಡಿ. ಚರಂಡಿ, ಬೀದಿ ದೀಪ ಅಂತ ಕರಪತ್ರದಲ್ಲಿ ಬರೆಯಬೇಡಿ. ಅದು ಗ್ರಾಮ ಪಂಚಾಯ್ತಿ ಕೆಲಸ. ಶಾಸಕರಿಗೆ ಪ್ರದೇಶಾಭಿವೃದ್ಧಿ ನಿಧಿ ಅಂತ ವರ್ಷಕ್ಕೆ 2 ಕೋಟಿ, ಅದೂ ಕೈಗೆ ಕೊಡಲ್ಲ, ಜಿಲ್ಲಾಧಿಕಾರಿ ಮೂಲಕ. ನನ್ನ ತಮ್ಮ ನಿಂತು ಸೋತ, ಬೇಜಾರಲ್ಲಿ 30 ದಿನದೊಳಗೆ ಖರ್ಚಿನ ಲೆಕ್ಕ ಕೊಡಲಿಲ್ಲ. ನೋಟಿಸ್ ಬಂದಿದ್ದನ್ನು ದೇವರ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಟ್ಟ. ಮೂರು ವರ್ಷ ಅನರ್ಹ.

ಠೇವಣಿ ಹೋದವನು: ಬೀದಿ ದೀಪ ನಿಮ್ಮ ಕೆಲಸ ಆಗಿದ್ದರೆ ನಮ್ಮ ಬೀದಿ ಯಾಕೆ ಕತ್ತಲು?

ಹಳೇ ಮೆಂಬರ್: ಕಂಬದ ನಂಬರ್ ಬರೆದು ಅರ್ಜಿ ಕೊಡಬೇಕು. ಸುಮ್ನೆ ಕೂಗಾಡಿದರೆ ಆಗಲ್ಲ.

ಠೇವಣಿ ಹೋದವನು: ಕಂಬವೇ ಇಲ್ಲ ಸ್ವಾಮಿ.