ಕನ್ನಡ ಹೆಸರು ಚಿತ್ರವಿಚಿತ್ರವಾಗಿ ಕಾಣೋದಕ್ಕೆ ಪದ ಬೇಕು (ನಾಳೆ ಬೆಳಗ್ಗೆಯೊಳಗೆ)

ಕಲಬುರಗಿಯಿಂದ:

ಎಲ್ಲರಿಗೂ ನಮಸ್ಕಾರ. ತೊಗರಿ ಅಡತಿ ಅಂಗಡಿಗಳಿಗೆ ಮಾಡಿದ ಒಂದು ವೆಬ್ ತಂತ್ರಾಂಶದ ಸೂಚನೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ರೈತರ ಹೆಸರು ಕನ್ನಡದಲ್ಲಿ ಹಾಕಿ ಉಳಿಸಿದರೆ ಕೆಲವು ಸಲ ತಲೆ ಮೇಲೆ ಗೀಟಿರುವ ಇಂಗ್ಲಿಷ್ ಎ, ಪಕ್ಕದಲ್ಲಿ ಪುಟ್ಟದೊಂದು ಎರಡು, ಆಮೇಲೆ ಒಂದು ದಪ್ಪ ಚುಕ್ಕಿ, ಹೀಗೆ ಸಾಲುಗಟ್ಟಿ ಬರುತ್ತವೆ. ಪರದೆಯ ಮೇಲೆ ಕೆಂಪು ಪಟ್ಟಿಯಲ್ಲಿ "ಇಂಥದ್ದು ಕಂಡರೆ ಮತ್ತೆ ಉಳಿಸಬೇಡಿ" ಅಂತ ಬರಬೇಕು. ಆ "ಇಂಥದ್ದು" ಜಾಗಕ್ಕೆ ಒಂದು ಪದ ಕೊಡಿ. ಮೊದಲು ಅನುವಾದ ಮಾಡಿದವರು "ಅಕ್ಷರ ದೋಷ" ಅಂತ ಹಾಕಿದ್ದರು. ಅಂಗಡಿಯವರು ಕಾಗುಣಿತದ ತಪ್ಪು ಅಂದುಕೊಂಡು ತಿದ್ದಿ ತಿದ್ದಿ ಉಳಿಸುತ್ತಿದ್ದಾರೆ. "ಅಕ್ಷರಗೋಜಲು" ಆಗುತ್ತಾ?

ಸೇಡಂನಿಂದ:

ಆಗುವುದಿಲ್ಲ ತಂಗೀ. ಅಕ್ಷರ ಸಂಸ್ಕೃತ, ಗೋಜಲು ಕನ್ನಡ. ಹೀಗೆ ಸಂಸ್ಕೃತಕ್ಕೆ ಕನ್ನಡ ಬೆಸೆಯುವ ತಪ್ಪಿಗೆ ಹೆಸರೇ ಅರಿಸಮಾಸ. ಇನ್ನೊಂದು ಮಾತು. ಕ್ಷರ ಅಂದರೆ ನಾಶವಾಗುವಂಥದ್ದು, ಅಕ್ಷರ ಅಂದರೆ ನಾಶವಿಲ್ಲದ್ದು. ಕೆಟ್ಟದ್ದನ್ನು ಅಕ್ಷರ ಅಂತ ಕರೆಯುವುದೇ ತಪ್ಪು. ನೃಪತುಂಗನ ಮಳಖೇಡದ ಮಗ್ಗುಲಲ್ಲಿ ಕೂತು ಇಂಥ ಪದ ಓದಬೇಕಾಯಿತಲ್ಲ! "ಲಿಪಿವಿಕಾರ" ಹಾಕಿ. ಮುಗಿಯಿತು.

ಬೀದರಿನಿಂದ:

ಸರ್, ಅಕ್ಷರಕ್ಕೆ ನಾಶವಿಲ್ಲ ಅಂದ್ರಿ. ಇಂಗ್ಲಿಷಿನಂಥ ಯುರೋಪಿನ ಅಕ್ಷರಗಳನ್ನಷ್ಟೇ ಹಿಡಿಯುವ ಲ್ಯಾಟಿನ್-1 ಕಾಲಮ್ಮಿಗೆ ಕನ್ನಡ ತುಂಬಿ ನೋಡಿ, ಚೆನ್ನಾಗಿ ನಾಶವಾಗುತ್ತೆ.

ಪದ ಆಮೇಲೆ. ಮೊದಲು ಏನು ಕೆಟ್ಟಿದೆ ನೋಡೋಣ. "ಕಲಬುರಗಿ" ಕಣ್ಣಿಗೆ 5 ಅಕ್ಷರ. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡಿನಲ್ಲಿ ಬು, ಗಿ ಎರಡರ ಸ್ವರಚಿಹ್ನೆಗಳೂ ಬೇರೆ ಲೆಕ್ಕ, ಹಾಗಾಗಿ 7 ಸಂಕೇತ. ಆ ಸಂಕೇತಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಒಟ್ಟು 21. ಓದುವ ಕಡೆ ಇದನ್ನು ವಿಂಡೋಸ್-1252 (ಲ್ಯಾಟಿನ್-1ರಂಥದ್ದೇ ಇನ್ನೊಂದು ಪದ್ಧತಿ) ಅಂತ ತಿಳಿದರೆ ಒಂದೊಂದು ಬೈಟನ್ನೂ ಒಂದೊಂದು ಅಕ್ಷರ ಮಾಡಿ ತೋರಿಸುತ್ತೆ. ಅಕ್ಕ ಹೇಳಿದ ಎ, ಎರಡು, ಚುಕ್ಕಿ ಮೂರೂ ಸೇರಿದರೆ ಒಂದು "ಕ". ಇಲ್ಲಿ ಬೈಟುಗಳು ಹಾಗೇ ಇವೆ, ಸರಿಯಾಗಿ ಓದಿಸಿದರೆ ಹೆಸರು ವಾಪಸ್ ಬರುತ್ತೆ. ಆದರೆ ಈ ಕಸವನ್ನೇ ಮತ್ತೆ ಉಳಿಸಿದರೆ ಪ್ರತಿ ಬೈಟೂ ಯುಟಿಎಫ್-8ಗೆ ಇನ್ನೊಂದು ಸಲ ಬದಲಾಗುತ್ತೆ. ಕಸದ ಮೇಲೆ ಕಸ.

"???????" ಕಂಡರೆ ಅದು ಬೇರೆ. ಕಾಲಮ್ಮಿಗೆ ಕನ್ನಡ ಹಿಡಿಯಲಿಲ್ಲ, ಸಂಕೇತಕ್ಕೊಂದು ಪ್ರಶ್ನಾರ್ಥಕ ಹಾಕಿ ಕೈ ತೊಳೆದುಕೊಂಡಿದೆ. ಹೆಸರು ಹೋಯ್ತು. ಮೈಎಸ್‌ಕ್ಯೂಎಲ್‌ನಲ್ಲಿ (ಮಾಹಿತಿ ಕೂಡಿಡುವ ತಂತ್ರಾಂಶ) 2018ರ 8.0 ಆವೃತ್ತಿ ಬರುವ ತನಕ, ಬೇರೆ ಆರಿಸದೆ ಸುಮ್ನೆ ಬಿಟ್ಟರೆ ಸಿಗುತ್ತಿದ್ದದ್ದು ಲ್ಯಾಟಿನ್-1. ಹಳೆಯ ಕೋಷ್ಟಕಗಳು ಈಗಲೂ ಹಾಗೇ ಇರುತ್ತವೆ. ಚೌಕ ಡಬ್ಬಿಗಳು ಕಂಡರೆ ಹೆಚ್ಚಾಗಿ ಫೋನಿನಲ್ಲಿ ಕನ್ನಡ ಫಾಂಟ್ ಇಲ್ಲ ಅಷ್ಟೇ, ಮಾಹಿತಿ ಸರಿಯಾಗಿದೆ. ಮೂರಕ್ಕೂ ಮದ್ದು ಬೇರೆ. ಎಲ್ಲಕ್ಕೂ "ಲಿಪಿವಿಕಾರ" ಅಂದರೆ ಅಂಗಡಿಯವರು ಏನು ಮಾಡಬೇಕು?

ಯಾದಗಿರಿಯಿಂದ:

ಜಪಾನಿಯಲ್ಲಿ ಇದಕ್ಕೆ "ಮೊಜಿಬಾಕೆ" ಅಂತಾರೆ. ಮೊಜಿ ಅಂದರೆ ಅಕ್ಷರ, ಬಾಕೆ ಅಂದರೆ ವೇಷ ಬದಲಾಗೋದು. ದೆವ್ವಕ್ಕೆ ಅವರು ಹೇಳುವ "ಒಬಾಕೆ"ಯಲ್ಲಿ ಇರೋದೂ ಅದೇ. ಇಂಗ್ಲಿಷಿನವರು ನಾಚಿಕೆಯಿಲ್ಲದೆ ಎತ್ತಿಕೊಂಡಿದ್ದಾರೆ, ನಾವೂ ತಗೊಳ್ಳೋಣ. ಬೇಡವಾದರೆ ನಮ್ಮ ಬಜಾರದ ಮಾತಿದೆಯಲ್ಲ: "ಹೆಸರು ಖರಾಬ್ ಆಗಿದೆ".

ಸೇಡಂನಿಂದ:

ಅಡತಿ ಅಂಗಡಿಯಲ್ಲಿ ಮೊಜಿಬಾಕೆ ಅಂದರೆ "ಯಾರ ಬಾಕಿ?" ಅಂತ ಖಾತೆ ಪುಸ್ತಕ ತೆಗೆಯುತ್ತಾರೆ. ಇನ್ನು ಖರಾಬ್ ಅರಬ್ಬಿ. ಕನ್ನಡ ಪಟ್ಟಿಯಲ್ಲಿ ಅರಬ್ಬಿ ಯಾಕೆ?

ಯಾದಗಿರಿಯಿಂದ:

ಅದೇ ಪರದೆಯಲ್ಲಿ ಅರ್ಜಿ, ಜಿಲ್ಲೆ, ತಾಲೂಕು, ರಸೀದಿ ಇವೆ ಸರ್. ಎಲ್ಲಾ ಅರಬ್ಬಿ, ಪಾರ್ಸಿ. ಅವನ್ನೂ ಕಿತ್ತು ಹಾಕ್ತೀರಾ? ಅರಿಸಮಾಸದ ಮಾತಿಗೆ ಬಂದರೆ "ಮಳೆಗಾಲ"ದಲ್ಲಿ ಕಾಲ ಸಂಸ್ಕೃತ. ಈ ಜೂನಿನಲ್ಲಿ ತೊಗರಿ ಬಿತ್ತುವವರಿಗೆ ಏನಂತ ಹೇಳ್ತೀರಿ?

ಸೇಡಂನಿಂದ:

ರೂಢಿಗೆ ಬಂದದ್ದು ಬೇರೆ, ಹೊಸದಾಗಿ ಹುಟ್ಟಿಸುವುದು ಬೇರೆ. ಇದನ್ನು ಹತ್ತು ಸಲ ಹೇಳಿಯಾಗಿದೆ.

ಕಲಬುರಗಿಯಿಂದ:

ಜಗಳ ಮುಂದುವರಿಯಲಿ, ನಾನು ಕಳಿಸಿಬಿಡುತ್ತೇನೆ. ಹೆಸರುಪದ ಕೈಬಿಟ್ಟೆ. ಕಣ್ಣಿಗೆ ಕಂಡದ್ದನ್ನೇ ಹೇಳುತ್ತೇನೆ. ಮೂರು ಸಾಲು: "ಹೆಸರು ಗಜಿಬಿಜಿಯಾಗಿ ಕಂಡರೆ ಉಳಿಸಬೇಡಿ, ನಮಗೆ ತಿಳಿಸಿ." "??? ಕಂಡರೆ ನಮಗೆ ತಿಳಿಸಿ, ಸರಿಪಡಿಸಿದ ಮೇಲೆ ಹೆಸರು ಮತ್ತೆ ಬರೆಯಿರಿ." "ಡಬ್ಬಿಗಳು ಕಂಡರೆ ಬೇರೆ ಫೋನಿನಲ್ಲಿ ನೋಡಿ."

ಸೇಡಂನಿಂದ:

ಗಜಿಬಿಜಿ ಆಡುಮಾತು. ಅರಿಸಮಾಸವಂತೂ ಅಲ್ಲ, ಇರಲಿ.

ಬೀದರಿನಿಂದ:

ಅಕ್ಕಾ, ಪಟ್ಟಿಯಲ್ಲಿ "ಉಳಿಸಬೇಡಿ" ಅಂತಿದೆ, ಕೆಳಗಿನ ಬಟನ್ ಮೇಲೆ "ಸೇವ್" ಅಂತಿರಬೇಕು ಅಲ್ವಾ? ಎರಡರಲ್ಲಿ ಒಂದು ಬದಲಿಸಿ. ಇಲ್ಲದಿದ್ದರೆ ಪಟ್ಟಿ ಓದಿಯೂ ಒತ್ತುತ್ತಾರೆ.